ವಸಾಯಿಯ ದುಭಾಷಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಧರ್ಮಕ್ಕಾಗಿ ಪ್ರಾಣ ಕೊಟ್ಟ ಕ್ರೈಸ್ತ ಮಿಷನರಿಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿದೆವು. ವಿಷಯವನ್ನು ಹಲಗೆಯ ಮೇಲೆ ಬರೆದು ಹಾಕಿದ ಮೇಲೆ ಒಂದಿಬ್ಬರು ಮಿತ್ರರು ಪತ್ರಿಕೆಗಳ ಮೇಜಿನ ಬಳಿ ನಮ್ಮನ್ನು ತಡೆದು, "ಏನು ಸ್ವಾಮಿ, ನಮ್ಮ ಸಂಘದಲ್ಲಿ ಇದೇಕೆ?" ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ, ಸಂಕೋಚದಿಂದ ಕೇಳಿದ್ದು. ಪಕ್ಕದ ಕುರ್ಚಿಯಲ್ಲಿ ಮಂಗಳೂರಿನ ಕಡೆಯ ಕ್ರೈಸ್ತ ಬಂಧುವೊಬ್ಬರು ಪತ್ರಿಕೆ ಓದುತ್ತಿದ್ದರು. ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುವಲಿಲ್ಲ. ಆ ಹೊತ್ತಿಗೆ ನಾವು ಉತ್ತರ ಹೇಳಲಿಲ್ಲ. ಇಂದಿನ ಭಾಷಣವನ್ನೇ ಉತ್ತರವೆಂದು ಮಿತ್ರರು ತಿಳಿಯಬೇಕು.

ಮಿಷನರಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮ್ಮ ಕಣ್ಣು ಪುಸ್ತಕದ ಕಪಾಟಿನ ಕಡೆ ಹೋಗುತ್ತದೆ. ಕಿಟ್ಟೆಲ್ ಸಾಹೇಬರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದವರು ಮೋಗ್ಲಿಂಗ್. ಬಾಸೆಲ್ ಮಿಷನ್ನಿನವರು ಶುರು ಮಾಡಿದ ಮಂಗಳೂರು ಹಂಚು ಈ ಮುಂಬಯಿಯ ಹಳೆಯ ಮನೆಗಳ ಮೇಲೂ ಇದೆ. ಇವರೆಲ್ಲ ಬದುಕಿದ್ದು ಮಾಡಿದ ಕೆಲಸ ನಮಗೆ ಗೊತ್ತಿರತಕ್ಕದ್ದೇ. ಈ ದಿನದ ಮಾತು ಅವರದಲ್ಲ, ನಂಬಿದ್ದಕ್ಕಾಗಿ ಸತ್ತವರದು. ಅಂಥವರನ್ನು ಹುಡುಕಿಕೊಂಡು ರೋಮಿನವರೆಗೆ ಹೋಗಬೇಕಾಗಿಲ್ಲ. ನಾವು ದಿನಾ ನೇತಾಡಿಕೊಂಡು ಹೋಗುವ ಲೋಕಲ್ ಗಾಡಿಯ ಎರಡು ಊರು ಸಾಕು: ಒಂದು ಥಾಣೆ, ಇನ್ನೊಂದು ವಸಾಯಿ.

ಮೊದಲು ಥಾಣೆಯದನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. 1321ನೆಯ ಇಸವಿ. ಪೋರ್ಚುಗೀಸರು ಈ ಕರಾವಳಿಗೆ ಬರುವುದಕ್ಕೆ ಇನ್ನೂ 175 ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಹೊರ್ಮುಜಿನಿಂದ ಹಡಗು ಹತ್ತಿದ ಕೆಲವರು ಸನ್ಯಾಸಿಗಳು ಗಾಳಿಯ ಹೊಡೆತಕ್ಕೆ ಸಿಕ್ಕಿ ಥಾಣೆಯಲ್ಲಿ ಬಂದಿಳಿದರು. ತೊಲೆಂತಿನೊ ಊರಿನ ತೋಮಸ್, ಪಾದುವಾದ ಯಾಕೋಬ್, ಸಿಯೆನಾದ ಪೇತ್ರ, ಇವರ ಜೊತೆಗೆ ತಿಫ್ಲಿಸಿನ ದಿಮೆತ್ರಿ. ನಾಲ್ವರೂ ಫ್ರಾನ್ಸಿಸ್ಕನ್ ಪಂಗಡದವರು. ಇವರೊಂದಿಗೆ ಬಂದಿದ್ದ ಜೋರ್ಡಾನ್ ಎಂಬ ಡೊಮಿನಿಕನ್ ಪಾದ್ರಿ ಕೆಲಸದ ಮೇಲೆ ಗುಜರಾತಿನ ಕಡೆ ಮುಂದಕ್ಕೆ ಹೋದರು. ಆಗಲೇ ಥಾಣೆಯಲ್ಲಿ ಸಿರಿಯಾ ಸಂಪ್ರದಾಯದ ಕೆಲವು ಕ್ರೈಸ್ತ ಮನೆಗಳಿದ್ದವು. ನಾಲ್ವರೂ ಅಂಥ ಒಂದು ಮನೆಯಲ್ಲಿ ಉಳಿದುಕೊಂಡರು.

ಸಾವು ಬಂದ ದಾರಿ ಬಹಳ ಸಣ್ಣದು. ಒದೊರಿಕ್ ಎಂಬ ಇಟಲಿಯ ಸಂಚಾರಿ ಬರೆದಿಟ್ಟಿರುವಂತೆ, ಆ ಮನೆಯ ಗಂಡಹೆಂಡಿರಿಗೆ ಜಗಳವಾಯಿತು, ಗಂಡ ಹೊಡೆದ, ಹೆಂಡತಿ ಕಾಜಿಯ ಬಳಿ ದೂರು ಒಯ್ದಳು. ಸಾಕ್ಷಿ ಯಾರು ಎಂದು ಕೇಳಿದಾಗ ಮನೆಯಲ್ಲಿದ್ದ ಪರದೇಶಿ ಸನ್ಯಾಸಿಗಳ ಹೆಸರು ಹೇಳಿದಳು. ಸಾಕ್ಷಿ ಹೇಳಲು ಕರೆಸಿಕೊಂಡವರನ್ನು ಧರ್ಮದ ಪ್ರಶ್ನೆ ಕೇಳತೊಡಗಿದರು. ಮಾತಿಗೆ ಮಾತು ಬೆಳೆಯಿತು. ಏಪ್ರಿಲ್ 9ರಂದು ಮೂವರನ್ನೂ 11ರಂದು ಪೇತ್ರನನ್ನೂ ಕೊಂದರು. ಗಂಡಹೆಂಡಿರ ಜಗಳದಲ್ಲಿ ಸಾಕ್ಷಿಯಾಗಬಾರದೆಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದು ನೆನಪಾಗುತ್ತದೆ. ಆದರೆ ನಗು ಬರುವುದಿಲ್ಲ. ಜೋರ್ಡಾನ್ ಸುದ್ದಿ ಕೇಳಿ ಹಿಂದಿರುಗಿ ಬಂದು ದೇಹಗಳನ್ನು ಸೋಪಾರಕ್ಕೆ ಸಾಗಿಸಿ ಮಣ್ಣು ಮಾಡಿದರು. ಇಂದಿನ ನಾಲಾಸೋಪಾರವೇ ಅದು. ಕೆಲವು ವರ್ಷಗಳಾದ ಮೇಲೆ ಅದೇ ಒದೊರಿಕ್ ಆ ಎಲುಬುಗಳನ್ನು ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡು ಹಡಗಿನಲ್ಲಿ ಚೀನಾದೇಶದ ತಮ್ಮವರ ಮಠಕ್ಕೆ ಒಯ್ದ.

ಈ ನಾಲ್ವರಲ್ಲಿ ದಿಮೆತ್ರಿಯ ಮೇಲೆ ನಮ್ಮ ಮನಸ್ಸು ನಿಂತಿತು. ಆತ ಪಾದ್ರಿಯಲ್ಲ. ಪೂಜೆ ಮಾಡುವ, ಉಪದೇಶ ಕೊಡುವ ಅಧಿಕಾರ ಅವನಿಗಿರಲಿಲ್ಲ. ಆತನಿಗೆ ಗೊತ್ತಿದ್ದದ್ದು ಭಾಷೆಗಳು. ಜೊತೆಯವರ ಮಾತನ್ನು ಇತರರಿಗೂ ಇತರರ ಮಾತನ್ನು ಜೊತೆಯವರಿಗೂ ತಿಳಿಸಿಕೊಡುವುದು ಅವನ ಪಾಲಿನ ಕೆಲಸ. ಇದೇ ಕೆಲಸ ಮಾಡಿ ಇದೇ ರೀತಿ ಸತ್ತ ಇನ್ನೊಬ್ಬರು 276 ವರ್ಷಗಳ ತರುವಾಯ ಬಂದರು. ಅವರು ಹುಟ್ಟಿದ್ದು ವಸಾಯಿಯಲ್ಲಿ, ಸತ್ತದ್ದು ಜಪಾನಿನಲ್ಲಿ. ಹೆಸರು ಗೊನ್ಸಾಲೊ ಗಾರ್ಸಿಯಾ. ಇನ್ನು ಮುಂದಿನ ಮಾತೆಲ್ಲ ಅವರದೇ.

ವಸಾಯಿ 1534ರಲ್ಲಿ ಪೋರ್ಚುಗೀಸರ ಕೈಸೇರಿತು. ಕೋಟೆ ಕಟ್ಟಿದರು, ಒಳಗೆ ಇಗರ್ಜಿಗಳನ್ನು ಕಟ್ಟಿದರು, ಮದುವೆಯಾಗಿ ನೆಲೆಸಿದರು. ಅಂಥ ಒಬ್ಬ ಪೋರ್ಚುಗೀಸ್ ಸಿಪಾಯಿಗೆ ಊರಿನ ಹೆಂಗಸಿನಲ್ಲಿ ಸುಮಾರು 1557ರಲ್ಲಿ ಹುಟ್ಟಿದ ಮಗ ಈ ಗೊನ್ಸಾಲೊ. ಕೊಂಕಣದ ನೆಲದ ಜನರನ್ನು ಪೋರ್ಚುಗೀಸರು ತಮ್ಮ ಕಾಗದಗಳಲ್ಲಿ 'ಕನಾರಿಂ' ಎಂದು ಬರೆಯುತ್ತಿದ್ದರು. ಈ ತಾಯಿಯನ್ನೂ ಹಾಗೆಯೇ ಕರೆದಿದ್ದಾರೆ. ಇದನ್ನು ಓದಿದ ನಮ್ಮ ಮಿತ್ರರೊಬ್ಬರು "ಹಾಗಾದರೆ ತಾಯಿ ಕನ್ನಡದವಳು, ಸಂತರು ನಮ್ಮವರು!" ಎಂದು ಕುಣಿದರು. ಬೇಡ. ಆ ಶಬ್ದಕ್ಕೆ ಅಲ್ಲಿ ಊರಿನವಳೆಂಬ ಅರ್ಥಕ್ಕಿಂತ ಹೆಚ್ಚಿಲ್ಲ. ಹೊರನಾಡಿನಲ್ಲಿದ್ದು ಕಂಡವರನ್ನೆಲ್ಲ ಕನ್ನಡಿಗರನ್ನಾಗಿ ಮಾಡಿಕೊಳ್ಳುವ ಚಟ ನಮಗಿದೆ. ಈ ಸಲ ಬಿಟ್ಟುಬಿಡೋಣ. ಅವರು ವಸಾಯಿಯವರು.

ಹುಡುಗ ಕೋಟೆಯೊಳಗಿನ ಜೆಸುಯಿಟ್ ಪಾದ್ರಿಗಳ ಹತ್ತಿರ ಓದು ಬರಹ ಕಲಿತ. ಹದಿನೈದು ವರ್ಷದವನಾಗಿದ್ದಾಗ ಪಾದ್ರಿಯೊಬ್ಬರ ಜೊತೆ ಹಡಗು ಹತ್ತಿ ಜಪಾನಿಗೆ ಹೋದ. ಹದಿನೈದಕ್ಕೆ ಊರು ಬಿಟ್ಟು ಪರಭಾಷೆಯ ಊರಿಗೆ ಬಂದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೋ ಲೆಕ್ಕ ಹಾಕುವುದು ಬೇಡ. ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಮಲಗಿ ರಾತ್ರಿ ಶಾಲೆಯಲ್ಲಿ ಓದಿದವರಿಗೆ ಆ ಹುಡುಗನ ಮೊದಲ ವರ್ಷ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. ಆತ ಜಪಾನೀ ಮಾತನ್ನು ಬೀದಿಯಲ್ಲಿ ಕಲಿತ, ಚೆನ್ನಾಗಿ ಕಲಿತ. ಎಂಟು ವರ್ಷ ಪಾದ್ರಿಗಳ ಜೊತೆ ಇದ್ದು ಧರ್ಮಪಾಠ ಹೇಳಿಕೊಡುತ್ತಾ, ಅವರ ಮಾತನ್ನು ಜನಕ್ಕೆ ತಿಳಿಯುವಂತೆ ಮಾಡುತ್ತಾ ಇದ್ದ.

ತಾನೂ ಆ ಜೆಸುಯಿಟ್ ಸಂಘಕ್ಕೆ ಸೇರಬೇಕೆಂಬುದು ಅವನ ಆಸೆ. ಸೇರಿಸಿಕೊಳ್ಳಲಿಲ್ಲ. ಈ ನೆಲದ ರಕ್ತ ಇರುವವರನ್ನು ಒಳಕ್ಕೆ ತೆಗೆದುಕೊಳ್ಳಲು ಆ ಕಾಲದಲ್ಲಿ ಅವರು ಬಹಳ ಹಿಂದುಮುಂದು ನೋಡುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎಂಟು ವರ್ಷ ಹಂಗಾಮಿ, ಕಾಯಂ ಆಗಲಿಲ್ಲ. ಮನಸ್ಸು ಮುರಿದು ಹೊರಬಿದ್ದ ಗೊನ್ಸಾಲೊ ವ್ಯಾಪಾರಕ್ಕೆ ಇಳಿದ. ಭಾಷೆ ಬಲ್ಲವನಿಗೆ ಬಂದರಿನಲ್ಲಿ ಬೆಲೆ ಇದ್ದೇ ಇದೆ. ವ್ಯಾಪಾರ ಕುದುರಿತು, ಹಣ ಬಂತು, ಪೂರ್ವದ ಬಂದರುಗಳಲ್ಲೆಲ್ಲ ಓಡಾಟವಾಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ಊರಿಗೆ ಹೋಗಿ ಮನೆ ಕಟ್ಟಿಸಿದ ಯಶಸ್ವಿ ವರ್ತಕನೊಬ್ಬನ ಕಥೆಯಾಗುತ್ತಿತ್ತು, ಅದನ್ನು ಯಾರೂ ಬರೆದಿಡುತ್ತಿರಲಿಲ್ಲ. ಫಿಲಿಪೈನ್ಸಿನ ಮನಿಲಾ ಪಟ್ಟಣದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪರಿಚಯವಾಯಿತು. ಇದ್ದದ್ದನ್ನೆಲ್ಲ ಬಿಟ್ಟು, ಮೂವತ್ತು ವರ್ಷದ ಆಚೀಚೆ, ಒರಟು ಬಟ್ಟೆ ತೊಟ್ಟು ಅವರ ಮಠ ಸೇರಿದರು. ಅಲ್ಲಿಯೂ ಪಾದ್ರಿಯಾಗಿ ಅಲ್ಲ. ಕೆಲಸ ಮಾಡುವ ಸಹೋದರರಾಗಿ.

ಆಗ ಜಪಾನನ್ನು ಆಳುತ್ತಿದ್ದವನು ಹಿದೆಯೊಶಿ. ಹಳ್ಳಿಯ ಸಾಮಾನ್ಯನ ಮಗನಾಗಿ ಹುಟ್ಟಿ, ಚೂರುಚೂರಾಗಿದ್ದ ಇಡೀ ದೇಶವನ್ನು ತನ್ನ ಹಿಡಿತಕ್ಕೆ ತಂದವನು. 1592ರಲ್ಲಿ ಕೊರಿಯಾದ ಮೇಲೆ ದಂಡು ಕಳಿಸಿದವನು. ಅದೇ ಹೊತ್ತಿನಲ್ಲಿ ಮನಿಲಾದ ಸ್ಪೇನರಿಗೂ ತನಗೆ ಶರಣಾಗಬೇಕೆಂದು ಹೇಳಿ ಕಳಿಸಿದ. ಅವರು ಹೆದರಿದರು. 1593ರಲ್ಲಿ ಪೇದ್ರೊ ಬಾಪ್ತಿಸ್ತ ಎಂಬ ಹಿರಿಯ ಸನ್ಯಾಸಿಯನ್ನು ರಾಯಭಾರಿಯಾಗಿ ಕಳಿಸುವುದೆಂದು ನಿಶ್ಚಯಿಸಿದಾಗ, ಜಪಾನೀ ಬಲ್ಲ ನಂಬಿಕಸ್ತ ಯಾರು ಎಂಬ ಪ್ರಶ್ನೆ ಬಂತು. ವಸಾಯಿಯ ಸಹೋದರನೇ ಎಂದಾಯಿತು.

ದುಭಾಷಿಯ ಕೆಲಸವನ್ನು ನಾವು ಹಗುರವಾಗಿ ನೋಡುತ್ತೇವೆ. ಆದರೆ ಈ ಸಭೆಯಲ್ಲಿರುವವರೆಲ್ಲ ಒಂದಲ್ಲ ಒಂದು ದಿನ ಅದನ್ನು ಮಾಡಿದವರೇ. ಊರಿನಿಂದ ಹೊಸದಾಗಿ ಬಂದ ಅಣ್ಣನ ಮಗನನ್ನೋ, ಕಣ್ಣು ತೋರಿಸಲು ಬಂದ ಅತ್ತೆಯನ್ನೋ ಕರೆದುಕೊಂಡು ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಿರುತ್ತೇವೆ. ಒಳಗಿನವನು ಗದರುತ್ತಾನೆ. ಆ ಗದರಿಕೆ ಮೊದಲು ಬೀಳುವುದು ನಮ್ಮ ಮೇಲೆ. ಅದನ್ನು ಅತ್ತೆಗೆ ಹೇಳುವಾಗ ಎಷ್ಟು ಹೇಳಬೇಕು, ಎಷ್ಟು ನುಂಗಬೇಕು? ಅತ್ತೆ ಸಿಟ್ಟಿನಲ್ಲಿ ಆಡಿದ್ದನ್ನು ಕಿಟಕಿಯೊಳಕ್ಕೆ ಹೇಗೆ ದಾಟಿಸಬೇಕು? ಕೆಲಸ ಕೆಟ್ಟರೆ ಎರಡೂ ಕಡೆಯವರು ನಮ್ಮ ಮುಖವನ್ನೇ ನೋಡುತ್ತಾರೆ. ಗೊನ್ಸಾಲೊ ನಿಂತದ್ದು ಒಂದು ಮಾತಿಗೆ ತಲೆ ತೆಗೆಸಬಲ್ಲ ದೊರೆಯ ಮುಂದೆ. ದೊರೆ ಶರಣಾಗತಿ ಕೇಳುತ್ತಾನೆ, ಸನ್ಯಾಸಿಗಳು ಸ್ನೇಹ ಎನ್ನುತ್ತಾರೆ. ಎರಡೂ ಮಾತು ಇವರ ನಾಲಗೆಯ ಮೇಲೆಯೇ ದಾಟಬೇಕು. ಕೊನೆಗೆ ಮನಿಲಾದಿಂದ ಉತ್ತರ ಬರುವವರೆಗೆ ತಾವೆಲ್ಲ ಜಪಾನಿನಲ್ಲೇ ಉಳಿಯುವುದಾಗಿ ಸನ್ಯಾಸಿಗಳು ಒಪ್ಪಿದರು. ದೊರೆ ಕ್ಯೋಟೊದಲ್ಲಿ ಅವರಿಗೆ ಜಾಗ ಕೊಟ್ಟ.

ಆ ಜಾಗದಲ್ಲಿ ಅವರು ಇಗರ್ಜಿಯ ಜೊತೆಗೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಊರು ಹೊರಗೆ ಹಾಕಿದವರ ಹುಣ್ಣು ತೊಳೆದರು. ಅಲ್ಲಿ ಸೇರಿದ ಜಪಾನೀಯರು ದೊಡ್ಡ ಮನೆತನದವರಲ್ಲ. ಕತ್ತಿ ಮಾಡುವವ ಒಬ್ಬ, ಬಿಲ್ಲು ಮಾಡುವವ ಒಬ್ಬ, ನಾಟಿ ವೈದ್ಯ ಒಬ್ಬ, ಬಡಗಿ ಒಬ್ಬ. ಪೂಜೆಗೆ ಸಹಾಯ ಮಾಡುವ ಸಣ್ಣ ಹುಡುಗರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಿದೆಯೊಶಿಯನ್ನು ರಾಕ್ಷಸನೆಂದು ಬರೆದು ಮುಗಿಸುವುದು ಸುಲಭ. ಪಾದ್ರಿಗಳು ದೇಶ ಬಿಟ್ಟು ಹೋಗಬೇಕೆಂದು ಆತ 1587ರಲ್ಲೇ ಆಜ್ಞೆ ಮಾಡಿದ್ದ. ಆದರೆ ವ್ಯಾಪಾರದ ಲಾಭಕ್ಕಾಗಿ ಅದನ್ನು ಸಡಿಲ ಬಿಟ್ಟಿದ್ದ. ಅವನ ಭಯ ಬುಡವಿಲ್ಲದ್ದೂ ಅಲ್ಲ. ಸ್ಪೇನರು 1571ರಲ್ಲಿ ಮನಿಲಾವನ್ನು ವಶ ಮಾಡಿಕೊಂಡದ್ದು ಅವನಿಗೆ ಗೊತ್ತಿತ್ತು. ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಮಾಡಿದ್ದು ನಮಗೆ ಗೊತ್ತಿದೆ. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮದ ನ್ಯಾಯಾಲಯ ಕುಳಿತಿತು, ದೇವಸ್ಥಾನಗಳು ಬಿದ್ದವು, ದಕ್ಷಿಣ ಕನ್ನಡದ, ಉತ್ತರ ಕನ್ನಡದ ಎಷ್ಟೋ ಕೊಂಕಣಿ ಮನೆತನಗಳು, ಹಿಂದುಗಳೂ ಕ್ರೈಸ್ತರೂ, ಗೋವೆ ಬಿಟ್ಟು ಬಂದವರ ಸಂತತಿ. ಗೊನ್ಸಾಲೊ ಹುಟ್ಟಿದ ಕೋಟೆಯೂ ಆ ಆಳ್ವಿಕೆಯದೇ. ಇದನ್ನು ಮರೆಮಾಚಿ ಅವರ ಕಥೆ ಹೇಳಿದರೆ, ಮೊನ್ನೆ ಮೇಜಿನ ಬಳಿ ಸಂಕೋಚಪಟ್ಟ ಮಿತ್ರರ ಸಂಕೋಚಕ್ಕೆ ನಾವು ಅನ್ಯಾಯ ಮಾಡಿದಂತೆ. ಹಾಗೆಂದು ಸಿಂಹಾಸನಗಳ ಲೆಕ್ಕವನ್ನು ಕುಷ್ಠರೋಗಿಯ ಹುಣ್ಣು ತೊಳೆದವನ ತಲೆಯ ಮೇಲೆ ಬರೆಯುವುದೂ ಅನ್ಯಾಯವೇ. ಹಿದೆಯೊಶಿ ಮಾಡಿದ್ದು ಅದನ್ನೇ.

ಕಿಡಿ ಬಿದ್ದದ್ದು ಒಂದು ಹಡಗಿನಿಂದ. ಮನಿಲಾದಿಂದ ಮೆಕ್ಸಿಕೊಗೆ ಹೊರಟಿದ್ದ 'ಸಾನ್ ಫೆಲಿಪೆ' ಎಂಬ ಸ್ಪೇನರ ಹಡಗು ಬಿರುಗಾಳಿಗೆ ಸಿಕ್ಕಿ 1596ರ ಅಕ್ಟೋಬರಿನಲ್ಲಿ ಜಪಾನಿನ ತೋಸಾ ಕರಾವಳಿಗೆ ಬಂದು ಒಡೆಯಿತು. ಒಳಗೆ ಅಪಾರ ಸರಕು. ದೊರೆಯ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡರು. ಹಡಗಿನ ಚಾಲಕ ಭೂಪಟ ಬಿಡಿಸಿ, ತಮ್ಮ ದೊರೆ ಮೊದಲು ಪಾದ್ರಿಗಳನ್ನು ಕಳಿಸುತ್ತಾನೆ, ಹಿಂದೆ ಸೈನ್ಯ ಬರುತ್ತದೆ ಎಂದು ಜಂಬ ಕೊಚ್ಚಿದನೆಂದು ಹೇಳುತ್ತಾರೆ. ಆ ಮಾತನ್ನು ಆಡಿದ್ದು ನಿಜವೋ, ಆಡಿದ್ದರೆ ಯಾರು ಆಡಿದ್ದೆಂದು ಕ್ರೈಸ್ತ ಪಂಗಡಗಳ ನಡುವೆಯೇ ಆಗಿನಿಂದ ಜಗಳ ನಡೆದಿದೆ. ಒಂದು ಬಾಯಿಯ ಜಂಬಕ್ಕೆ ಇನ್ನೊಬ್ಬನ ಕತ್ತು ಹೋಗುವುದು ಅಂದಿನ ಮಾತು ಮಾತ್ರವಲ್ಲ. ಕ್ಯೋಟೊದ ಸನ್ಯಾಸಿಗಳ ಮನೆಗೆ ಡಿಸೆಂಬರಿನಲ್ಲಿ ಕಾವಲು ಬಿತ್ತು.

ಅಧಿಕಾರಿಗಳು ಪಟ್ಟಿ ಮಾಡಿದರು. ಗುಮಾಸ್ತರಾದ ನಮಗೆ ಪಟ್ಟಿ ಎಂದರೆ ಏನೆಂದು ಗೊತ್ತು. ಅದರಲ್ಲಿ ಹೆಸರಿದ್ದ ಮೇಲೆ ಮನುಷ್ಯ ಸಿಕ್ಕಲೇಬೇಕು. ಪಟ್ಟಿಯಲ್ಲಿ ಮತ್ತೀಯ ಎಂಬ ಒಂದು ಹೆಸರಿತ್ತು. ಸಿಪಾಯಿಗಳು ಕೂಗಿದಾಗ ಆತ ಎಲ್ಲಿಗೋ ಹೋಗಿದ್ದ. ನೆರೆಮನೆಯವನೊಬ್ಬ ಹೊರಗೆ ಬಂದು, ತನ್ನ ಹೆಸರೂ ಮತ್ತೀಯನೇ, ತಾನೂ ಕ್ರೈಸ್ತನೇ ಎಂದ. ಅಷ್ಟು ಸಾಕೆಂದು ಅವನನ್ನು ಎಳೆದುಕೊಂಡು ಹೋದರು. ಪಟ್ಟಿಯ ಲೆಕ್ಕ ಸರಿಹೋಯಿತು. ನಾವು ಈ ವೃತ್ತಾಂತವನ್ನೆಲ್ಲ ಓದುವಾಗ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತದ್ದು ಈ ಒಂದು ಕಡೆಯಲ್ಲಿ.

ಒಟ್ಟು ಇಪ್ಪತ್ತನಾಲ್ಕು ಮಂದಿ. ಕಿವಿ ಮೂಗು ಎರಡನ್ನೂ ಕತ್ತರಿಸಬೇಕೆಂದು ಆಜ್ಞೆ. ಪಾರುಪತ್ಯ ವಹಿಸಿದ್ದ ಅಧಿಕಾರಿ ಕನಿಕರದಿಂದ ಎಡಗಿವಿಯ ತುದಿಗೆ ಇಳಿಸಿದ. 1597ರ ಜನವರಿಯ ಮೊದಲಲ್ಲಿ ಕ್ಯೋಟೊದಲ್ಲಿ ಕಿವಿ ಕತ್ತರಿಸಿ, ಗಾಡಿಯಲ್ಲಿ ಕೂರಿಸಿ, ಊರೂರು ಮೆರವಣಿಗೆ ಮಾಡಿಸಿದರು. ಅಲ್ಲಿಂದ ನಾಗಸಾಕಿಗೆ ಸುಮಾರು 800 ಕಿಲೋಮೀಟರು. ಚಳಿಗಾಲದ ಹಿಮದಲ್ಲಿ ಸುಮಾರು ನಾಲ್ಕು ವಾರ ನಡೆಸಿದರು. ದಾರಿಯಲ್ಲಿ ಇವರ ಸೇವೆಗೆಂದು ಹಿಂದೆಯೇ ಬರುತ್ತಿದ್ದ ಇಬ್ಬರನ್ನೂ ಕಾವಲಿನವರು ಸೇರಿಸಿಕೊಂಡುಬಿಟ್ಟರು. ಅವರಲ್ಲಿ ಒಬ್ಬ ಬಡಗಿ. ಹೀಗೆ ಇಪ್ಪತ್ತಾರು. ಇಪ್ಪತ್ತು ಜನ ಜಪಾನೀಯರು, ನಾಲ್ವರು ಸ್ಪೇನರು, ಮೆಕ್ಸಿಕೊದವನೊಬ್ಬ, ವಸಾಯಿಯವರೊಬ್ಬರು. ಬಿಲ್ಲು ಮಾಡುವವನ ಮಗ ತೋಮಸ್ ಕೊಝಾಕಿಗೆ ಹದಿನಾಲ್ಕು ವರ್ಷ. ದಾರಿಯಲ್ಲಿ ತಾಯಿಗೆ ಒಂದು ಕಾಗದ ಬರೆದ. ತಾನೂ ಅಪ್ಪನೂ ಹೋಗುತ್ತಿದ್ದೇವೆ, ತಮ್ಮಂದಿರನ್ನು ನೋಡಿಕೊ ಎಂಬ ಅರ್ಥದ ಕಾಗದ. ಅದು ತಾಯಿಗೆ ಹೋಗಿ ಮುಟ್ಟುವ ಬದಲು ಅಪ್ಪನ ಹೆಣದ ಮೇಲೆ ಸಿಕ್ಕಿತು. ಎಲ್ಲರಿಗಿಂತ ಚಿಕ್ಕವನು ಲೂಯಿಸ್ ಇಬರಾಕಿ, ಹನ್ನೆರಡು ವರ್ಷ. ಧರ್ಮ ಬಿಟ್ಟರೆ ನಿನ್ನನ್ನು ಉಳಿಸಿಕೊಳ್ಳುತ್ತೇನೆಂದು ಅಧಿಕಾರಿಯೇ ಅವನಿಗೆ ಹೇಳಿದನಂತೆ.

ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕಾ ಗುಡ್ಡದ ಮೇಲೆ ಇಪ್ಪತ್ತಾರು ಶಿಲುಬೆಗಳನ್ನು ಸಾಲಾಗಿ ಮಲಗಿಸಿದ್ದರು. ಗೊನ್ಸಾಲೊ ಮುಂದಾಗಿ ಹೋಗಿ ಒಂದು ಶಿಲುಬೆಯನ್ನು ತೋರಿಸಿ, ಇದೇ ನನ್ನದೋ ಎಂದು ಕೇಳಿದರೆಂದೂ, ಅಲ್ಲವೆಂದು ಕಾವಲಿನವರು ಬೇರೊಂದರ ಬಳಿಗೆ ಕರೆದೊಯ್ದರೆಂದೂ, ಅವರು ಅಲ್ಲಿ ಮಂಡಿಯೂರಿ ಅದನ್ನು ತಬ್ಬಿದರೆಂದೂ ವೃತ್ತಾಂತಗಳು ಹೇಳುತ್ತವೆ. ಅವರು ಆ ಪ್ರಶ್ನೆ ಕೇಳಿದ್ದು ಕಾವಲಿನವರ ಭಾಷೆಯಲ್ಲೇ ಇರಬೇಕು. ಜೀವಮಾನವೆಲ್ಲ ಇತರರ ಮಾತನ್ನು ದಾಟಿಸಿದವರು ಅಂದು ತಮ್ಮ ಪರವಾಗಿ ಆಡಿದ್ದು ಅದೊಂದು ಮಾತು. ಆಗ ಅವರಿಗೆ ಸುಮಾರು ನಲವತ್ತು. ಹಗ್ಗ, ಕಬ್ಬಿಣದ ಪಟ್ಟಿಗಳಿಂದ ಬಿಗಿದು ಶಿಲುಬೆ ಎತ್ತಿ ನಿಲ್ಲಿಸಿ, ಎರಡು ಪಕ್ಕಗಳಿಂದ ಭರ್ಜಿಯಲ್ಲಿ ತಿವಿದು ಕೊಂದರು. ಜೆಸುಯಿಟ್ ಸಂಘದ ಪೌಲ್ ಮಿಕಿ ಎಂಬ ಜಪಾನೀ ಸಹೋದರ ಶಿಲುಬೆಯ ಮೇಲಿಂದಲೇ ಜನರಿಗೆ ಮಾತಾಡಿ, ತಾನು ಜಪಾನೀಯನೇ ಎಂದೂ ದೊರೆಯನ್ನು ಕ್ಷಮಿಸಿದ್ದೇನೆಂದೂ ಹೇಳಿದ. ಬದುಕಿದ್ದಾಗ ಎರಡು ಪಂಗಡಗಳಿಗೂ ಒಂದೇ ಊರಿನಲ್ಲಿ ಹೊಂದಿಕೆ ಇರಲಿಲ್ಲ. ಗುಡ್ಡದ ಮೇಲೆ ಒಂದೇ ಸಾಲು.

ಗೊನ್ಸಾಲೊ ತಪ್ಪಿಸಿಕೊಳ್ಳಬಹುದಿತ್ತೋ? ಅವರು ಆ ನೆಲದಲ್ಲಿ ವರ್ಷಗಟ್ಟಲೆ ಬಾಳಿದವರು, ಭಾಷೆ ಬಲ್ಲವರು, ಬಂದರಿನ ವರ್ತಕರ ಗುರುತಿದ್ದವರು. ಪಾದ್ರಿಯೂ ಅಲ್ಲ. ನಾನು ಬರೀ ಮಾತು ಹೇಳುವವನು, ಮಾತು ನನ್ನದಲ್ಲ ಎಂದು ಹೇಳುವ ದಾರಿ ದುಭಾಷಿಗೆ ಯಾವಾಗಲೂ ತೆರೆದೇ ಇರುತ್ತದೆ. ನಾವಾದರೂ ಕಿಟಕಿಯ ಮುಂದೆ ಎಷ್ಟು ಸಲ ಹಾಗೆ ಹೇಳಿಲ್ಲ! ಅವರು ಆ ಮಾತನ್ನು ಹೇಳಿದರೆಂದು ಯಾವ ವೃತ್ತಾಂತದಲ್ಲೂ ಇಲ್ಲ. ಧರ್ಮಕ್ಕಾಗಿ ಸಾಯುವುದು ನಮ್ಮಂಥವರಿಗೆ ಅರ್ಥವಾಗದಷ್ಟು ದೂರದ ಸಂಗತಿಯಾಗಿ ಕಂಡರೆ, ಇದನ್ನು ಹಿಡಿದುಕೊಂಡು ನೋಡಬಹುದು: ಯಾರ ಮಾತನ್ನು ತಾನು ಆಡಿದನೋ ಅವರ ಪಕ್ಕದಿಂದ ಆತ ಸರಿಯಲಿಲ್ಲ.

ಇನ್ನು ನೆನಪಿನ ವಿಚಾರ. ರೋಮಿನ ಪೋಪರು 1627ರಲ್ಲಿ ಇಪ್ಪತ್ತಾರು ಮಂದಿಯನ್ನೂ ಧನ್ಯರೆಂದು ಸಾರಿದರು. 1862ರ ಜೂನ್ 8ರಂದು ಸಂತಪದವಿ ಬಂತು. ಭಾರತದಲ್ಲಿ ಹುಟ್ಟಿ ರೋಮಿನಿಂದ ಆ ಪದವಿ ಪಡೆದವರಲ್ಲಿ ಗೊನ್ಸಾಲೊ ಮೊದಲಿಗರು. ಆದರೆ ಕಾಗದದ ಪದವಿಗಿಂತ ನಮಗೆ ದೊಡ್ಡದಾಗಿ ಕಾಣುವುದು ಜಪಾನಿನ ಹಳ್ಳಿಗರ ನೆನಪು. 1614ರಿಂದ ಅಲ್ಲಿ ಕ್ರೈಸ್ತಧರ್ಮಕ್ಕೆ ಪೂರ್ತಿ ನಿಷೇಧ. ಪಾದ್ರಿ ಇಲ್ಲ, ಇಗರ್ಜಿ ಇಲ್ಲ, ಪುಸ್ತಕ ಇಲ್ಲ. ನಾಗಸಾಕಿಯಲ್ಲಿ ಈ ಇಪ್ಪತ್ತಾರು ಮಂದಿಯ ಹೆಸರಿನಲ್ಲಿ ಪರದೇಶಿಗಳಿಗಾಗಿ ಕಟ್ಟಿದ ಓಉರಾ ಇಗರ್ಜಿಗೆ 1865ರ ಮಾರ್ಚ್ 17ರಂದು ಉರಕಾಮಿ ಎಂಬ ಹಳ್ಳಿಯ ಕೆಲವು ರೈತರು ಬಂದು, ತಮ್ಮ ಎದೆಯಲ್ಲಿರುವುದೂ ನಿಮ್ಮ ಎದೆಯಲ್ಲಿರುವುದೂ ಒಂದೇ ಎಂದು ಫ್ರೆಂಚ್ ಪಾದ್ರಿಯ ಹತ್ತಿರ ಮೆಲ್ಲಗೆ ಹೇಳಿದರು. ಎರಡೂವರೆ ಶತಮಾನ ತಂದೆ ಮಗನಿಗೆ, ತಾಯಿ ಮಗಳಿಗೆ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದರು. ಗುಟ್ಟು ಹೊರಬಿದ್ದುದರಿಂದ ಅವರಿಗೆ ಸುಖವಾಗಲಿಲ್ಲ. ಆ ಹಳ್ಳಿಯ ಮೂರು ಸಾವಿರಕ್ಕೂ ಮಿಕ್ಕಿದ ಜನರನ್ನು ಗಡೀಪಾರು ಮಾಡಿದರು, ನೂರಾರು ಮಂದಿ ಸತ್ತರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದರು. ನಿಶಿಝಾಕಾದಲ್ಲಿ 1962ರಲ್ಲಿ ಕಟ್ಟಿದ ಸ್ಮಾರಕ ಇದೆ. ಇಪ್ಪತ್ತಾರು ಕಂಚಿನ ಮೂರ್ತಿಗಳು ಸಾಲಾಗಿ ನಿಂತಿವೆ.

ನಮ್ಮ ಕಡೆ ವಸಾಯಿ ಕೋಟೆಯನ್ನು 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದರು. ಕೋಟೆ ಪಾಳುಬಿತ್ತು, ಆಲದ ಬೇರು ಗೋಡೆ ಸೀಳಿತು. ಹುಡುಗ ಓದಿದ ಜೆಸುಯಿಟ್ ಇಗರ್ಜಿಯನ್ನು ಈಗ ಅವರ ಹೆಸರಿನಿಂದಲೇ ಕರೆಯುತ್ತಾರೆ. ಸೋಪಾರಕ್ಕೆ ಹತ್ತಿರದ ಗಾಸ್ ಗ್ರಾಮದ ಇಗರ್ಜಿಯೂ ಅವರದೇ. ಸುತ್ತಮುತ್ತ ಬಾಳೆ, ವೀಳ್ಯದೆಲೆ, ಹೂವು, ತರಕಾರಿ ಬೆಳೆಯುವ ಜನ; ಬೆಳಗಿನ ಗಾಡಿಯಲ್ಲಿ ಬುಟ್ಟಿ ಹೊತ್ತು ಬರುವ ಆ ಕಡೆಯ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ, ಜಾಗ ಕೊಡದೆ ಗೊಣಗಿಯೂ ಇದ್ದೇವೆ.

ಇದೆಲ್ಲ ಹಳೆಯ ಮಾತು, ಈಗ ಕಾಲ ಬದಲಾಗಿದೆ ಎಂದು ಯಾರಾದರೂ ಹೇಳಬಹುದು. ಗ್ರಹಾಂ ಸ್ಟೇನ್ಸ್ ಎಂಬ ಆಸ್ಟ್ರೇಲಿಯಾದವರು 1965ರಿಂದ ಒಡಿಶಾದ ಬಾರಿಪದದಲ್ಲಿದ್ದು ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಗಾಡಿಯೊಳಗೆ ಮಲಗಿದ್ದಾಗ ಗುಂಪೊಂದು ಬಂದು ಬೆಂಕಿ ಹಚ್ಚಿತು. ಜೊತೆಯಲ್ಲಿ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊತಿ, ಇಬ್ಬರು ಗಂಡುಮಕ್ಕಳು. ಮೂವರೂ ಸುಟ್ಟುಹೋದರು. ಅಲ್ಲಿಯೂ ಗುಂಪಿನ ಬಾಯಲ್ಲಿದ್ದದ್ದು ಮತಾಂತರದ ಭಯ. ಹಿದೆಯೊಶಿಯ ಭಯಕ್ಕಾದರೂ ಹಿಂದೆ ಒಂದು ಸಾಮ್ರಾಜ್ಯವಿತ್ತು. ಈ ಗಾಡಿಯಲ್ಲಿದ್ದದ್ದು ಒಬ್ಬ ತಂದೆ, ಎರಡು ಮಕ್ಕಳು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಹೇಳಿ, ಆಮೇಲೂ ಕೆಲವು ವರ್ಷ ಅದೇ ಊರಿನಲ್ಲಿ ಅದೇ ರೋಗಿಗಳ ಕೆಲಸ ಮುಂದುವರಿಸಿದರು. 2005ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

"ನಮ್ಮ ಸಂಘದಲ್ಲಿ ಇದೇಕೆ" ಎಂದ ಮಿತ್ರರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರಿಗೆ ನಾವು ಇಷ್ಟು ಹೇಳಬಲ್ಲೆವು. ಅವರ ದೇವರನ್ನು ಒಪ್ಪಿಕೊಳ್ಳಿರೆಂದು ಯಾರೂ ಕೇಳುತ್ತಿಲ್ಲ. ಗೊನ್ಸಾಲೊ ನಂಬಿದ್ದನ್ನು ನಾವೂ ನಂಬುವವರಲ್ಲ. ಆದರೆ ಈ ವಾಚನಾಲಯದ ಬಾಗಿಲಿಗೆ ಉಚಿತ ಎಂದು ಬರೆದಿದೆ, ಯಾರಿಗೆ ಎಂದು ಬರೆದಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತವರ ಮನೆಯಲ್ಲಿ ಯಾರಿಗಾಗಿ ದೀಪ ಹಚ್ಚುತ್ತಾರೆಂದು ತಿಳಿಯದೆ ಹತ್ತು ವರ್ಷ ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದಿದರೆ, ಅದೂ ಒಂದು ಬಗೆಯ ಹಿಮವೇ.

ಫೆಬ್ರವರಿಯ ಮೊದಲ ಭಾನುವಾರ ವಾಚನಾಲಯದಿಂದ ವಸಾಯಿ ಕೋಟೆಗೆ ಹೋಗಿಬರುವುದೆಂದು ಮಾತಾಗಿದೆ. ವಸಾಯಿ ರೋಡ್ ಸ್ಟೇಷನ್ನಿನಿಂದ ಕೋಟೆಗೆ ಬಸ್ಸೂ ರಿಕ್ಷಾವೂ ಸಿಗುತ್ತವೆ. ಹೊತ್ತಿದ್ದರೆ ಬರುವಾಗ ಗಾಸ್ ಗ್ರಾಮಕ್ಕೂ ಹೋಗಬಹುದು. ಊಟದ ಗಂಟನ್ನು ಅವರವರೇ ತರತಕ್ಕದ್ದು. ಬರುವವರು ಗ್ರಂಥಪಾಲಕರ ಮೇಜಿನ ಮೇಲಿರುವ ಪುಸ್ತಕದಲ್ಲಿ ಈ ವಾರದೊಳಗೆ ಹೆಸರು ಬರೆಸಬೇಕು. ಮಂಗಳೂರಿನ ಕಡೆಯ ನಮ್ಮ ಬಂಧುಗಳು ದಾರಿ ತೋರಿಸಲು ಒಪ್ಪಿದ್ದಾರೆ. ಮೊದಲ ಹೆಸರು ಅವರದೇ ಇದೆ. ಎರಡನೆಯದು, ಸಂಕೋಚಪಟ್ಟ ಮಿತ್ರರದು.